ಹದದ ಕಲಿಕೆ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕೈಕಸುಬುಗಳು ಮತ್ತು ಶಿಷ್ಯ ಪರಂಪರೆ

1. ಪ್ರಸ್ತಾವನೆ

ಕನ್ನಡದಲ್ಲಿ 'ಹದ' ಎಂಬ ಎರಡಕ್ಷರದ ಪದವೊಂದಿದೆ. ಉಳುವವನಿಗೆ ನೆಲದ ಹದ, ಅಡುಗೆಯವರಿಗೆ ಪಾಕದ ಹದ, ಕಮ್ಮಾರನಿಗೆ ಕಬ್ಬಿಣದ ಹದ, ಕುಂಬಾರನಿಗೆ ಮಣ್ಣಿನ ಹದ. ತೊಗಲನ್ನು ಬಳಕೆಗೆ ತರುವ ಇಡೀ ಪ್ರಕ್ರಿಯೆಯ ಹೆಸರೇ 'ಹದ ಮಾಡುವುದು'. ಈ ಎಲ್ಲ ಬಳಕೆಗಳಲ್ಲಿಯೂ ಹದವೆನ್ನುವುದು ಅಳತೆಯಲ್ಲ; ಅಳತೆ ಎಲ್ಲಿ ಸಾಲದಾಗುತ್ತದೆಯೋ ಅಲ್ಲಿ ಕೈಯೂ ಕಣ್ಣೂ ಸೇರಿ ಕೈಗೊಳ್ಳುವ ತೀರ್ಮಾನ. ಆದ್ದರಿಂದಲೇ ಹದವನ್ನು ಬರೆದು ಕಲಿಸುವುದು ಕಷ್ಟ. ಬಲ್ಲವರ ಬಳಿಯಲ್ಲಿದ್ದು, ಕೆಡಿಸಿ, ಮತ್ತೆ ಮಾಡಿ ಅದನ್ನು ಪಡೆಯಬೇಕಾಗುತ್ತದೆ.

ಕೈಕಸುಬುಗಳ ಅವನತಿಯನ್ನು ಕುರಿತ ಬರವಣಿಗೆ ನಮ್ಮಲ್ಲಿ ಸಾಕಷ್ಟಿದೆ. ಅದರಲ್ಲಿ ಹೆಚ್ಚಿನವು ವಸ್ತುವನ್ನು ಕುರಿತವು: ಗಾಡಿ ಹೋಯಿತು, ಕಣಜ ಹೋಯಿತು, ಮೊರ ಹೋಯಿತು ಎಂಬ ವಿಷಾದ. ವಸ್ತುವಿನ ಹಿಂದಿದ್ದ ಕಲಿಕೆಯ ವ್ಯವಸ್ಥೆಯ ಕಡೆಗೆ ಸಂಶೋಧಕರ ಗಮನ ಅಷ್ಟಾಗಿ ಹರಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆಲವು ಕಸುಬುಗಳನ್ನು ಮುಂದಿಟ್ಟುಕೊಂಡು, ಕಸುಬಿನ ಕಲಿಕೆ ಯಾವುದರ ಮೇಲೆ ನಿಂತಿರುತ್ತದೆ, ಎಲ್ಲಿ ಕಡಿದುಹೋಗುತ್ತದೆ, ಇಂದಿನ ತರಬೇತಿ ಶಿಬಿರಗಳು ಅದನ್ನು ಎಷ್ಟರಮಟ್ಟಿಗೆ ತುಂಬಿಕೊಡಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಲಿಕೆಯ ನುಡಿ

ಆಡಳಿತ ಕನ್ನಡದಲ್ಲಿ ಕಸುಬು ಕಲಿಯುವವನಿಗೆ 'ಶಿಶಿಕ್ಷು' ಎಂಬ ಹೆಸರಿದೆ. 1961ರ ಅಪ್ರೆಂಟಿಸ್ ಕಾಯಿದೆಯ ವ್ಯವಹಾರದಲ್ಲಿ ಬಳಕೆಯಾಗುವ ಈ ಪದ ಕುಲುಮೆಯ ಮುಂದಾಗಲಿ ಬಡಗಿಯ ಕೊಟ್ಟಿಗೆಯಲ್ಲಾಗಲಿ ಕೇಳಿಬರುವುದಿಲ್ಲ. ಅಲ್ಲಿರುವುದು ಬೇರೆಯದೇ ಪರಿಭಾಷೆ. ಹುಡುಗನನ್ನು 'ಕೆಲಸಕ್ಕೆ ಬಿಡುತ್ತಾರೆ'. ಅವನು ಒಬ್ಬರ 'ಕೈಕೆಳಗೆ' ಇರುತ್ತಾನೆ. ಕೆಲಸ ಅವನ 'ಕೈಗೆ ಹತ್ತುತ್ತದೆ'. ಕಾಲಕ್ರಮದಲ್ಲಿ ಅವನದು 'ಪಳಗಿದ ಕೈ' ಎನಿಸಿಕೊಳ್ಳುತ್ತದೆ. 'ಪಳಗು' ಎಂಬುದು ಆನೆಗೂ ಎತ್ತಿಗೂ ಸಲ್ಲುವ ಕ್ರಿಯಾಪದವೆಂಬುದು ಗಮನಾರ್ಹ. ಕೈಯೂ ಒಂದು ಜೀವ, ಅದನ್ನು ಒಗ್ಗಿಸಿಕೊಳ್ಳಲು ಕಾಲ ಬೇಕು ಎಂಬ ಗ್ರಹಿಕೆ ಇಲ್ಲಿದೆ. ಬಡಗಿ, ಕಮ್ಮಾರರನ್ನು ಮೈಸೂರು ಸೀಮೆಯಲ್ಲಿ ಕರೆಯುವ 'ಆಚಾರಿ' ಎಂಬ ಹೆಸರು 'ಆಚಾರ್ಯ'ದ ತದ್ಭವ. ಕಸುಬುದಾರನೆಂದರೆ ಕಲಿಸುವವನೂ ಹೌದು ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ.

ಕಸುಬಿನ ನುಡಿ ಕನ್ನಡ ಸಾಹಿತ್ಯಕ್ಕೆ ಹೊರಗಿನದೇನಲ್ಲ. 12ನೆಯ ಶತಮಾನದ ಮೇದರ ಕೇತಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದ ವಚನಕಾರರು ತಮ್ಮ ಹೆಸರಿನಲ್ಲಿಯೇ ಕಸುಬನ್ನು ಹೊತ್ತವರು. ಆದರೆ ವಚನಗಳಲ್ಲಿನ ವೃತ್ತಿ ಪರಿಭಾಷೆಯನ್ನು ನಾವು ಬಹುಮಟ್ಟಿಗೆ ರೂಪಕವೆಂದು ಓದಿದ್ದೇವೆಯೇ ಹೊರತು, ಅದರ ಹಿಂದಿರುವ ಕೆಲಸದ ಅರಿವನ್ನು ಅರಿವೆಂದೇ ಓದಿದ್ದು ಕಡಿಮೆ.

3. ಹುಣಸೂರು: ಕಾರ್ಖಾನೆ ಹೋಗಿ ಕೈ ಉಳಿದದ್ದು

ಲಕ್ಷ್ಮಣತೀರ್ಥದ ದಡದ ಹುಣಸೂರು 19ನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಪಾಲನೆಯ ಕೇಂದ್ರವಾಗಿತ್ತು. ಮದರಾಸು ಸೈನ್ಯದ ಸರಬರಾಜು ಇಲಾಖೆ ಅಲ್ಲಿ ತೊಗಲು ಹದಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ ಮತ್ತು ಮರದ ಕೋಠಿಗಳನ್ನು ನಡೆಸುತ್ತಿತ್ತು. 1860ರ ದಶಕದಲ್ಲಿ ಸರ್ಕಾರ ಇವುಗಳನ್ನು ಮುಚ್ಚಿತು. ಅನಂತರದ ಗೆಜೆಟಿಯರುಗಳು ಒಂದು ಮಹತ್ತ್ವದ ಸಂಗತಿಯನ್ನು ದಾಖಲಿಸುತ್ತವೆ: ಕಾರ್ಖಾನೆ ಹೋದ ಮೇಲೆಯೂ ಊರಿನ ಜನ ತಯಾರಿಸುವ ಬೂಟು, ಚರ್ಮದ ಚೀಲ, ಕಂಬಳಿಗಳ ಗುಣಮಟ್ಟ ಉಳಿದುಕೊಂಡಿತ್ತು, ಹುಣಸೂರಿನ ಗಾಡಿಗಳಿಗೂ ಹೆಸರಿತ್ತು.

ಈ ದಾಖಲೆಯನ್ನು ವಸಾಹತು ಆಡಳಿತದ ಕೊಡುಗೆಯ ವರ್ಣನೆಯೆಂದಷ್ಟೇ ಓದಬೇಕಾಗಿಲ್ಲ. ಕಾರ್ಖಾನೆಗೆ ಬೇಕಾದ ಕೈಗಳು ಬಂದದ್ದು ತೊಗಲು, ಉಣ್ಣೆ, ಮರಗಳ ಕೆಲಸ ಮೊದಲೇ ಬಲ್ಲ ಸಮುದಾಯಗಳಿಂದ. ತಂಗಡಿ ತೊಗಟೆಯ ಒಗರಿನಲ್ಲಿ ತೊಗಲನ್ನು ನೆನೆಹಾಕುವ ವಿಧಾನ ದಕ್ಷಿಣ ಭಾರತದಲ್ಲಿ ಮೊದಲಿನಿಂದ ಬಂದದ್ದು. ಕಾರ್ಖಾನೆ ಹೊಸ ಮಾದರಿಗಳನ್ನೂ ನಿಯಮಿತ ಬೇಡಿಕೆಯನ್ನೂ ಒದಗಿಸಿತು. ಅದು ಮುಚ್ಚಿದಾಗ ಕಟ್ಟಡ, ಸಲಕರಣೆ, ಸಂಬಳಗಳು ಹೋದವು. ಕಲಿತ ಕೈ ಊರಿನಲ್ಲೇ ಉಳಿಯಿತು. ಕಸುಬಿನ ನಿಜವಾದ ದಾಸ್ತಾನು ಸಂಸ್ಥೆಯಲ್ಲಿರುವುದಿಲ್ಲ, ಜನರಲ್ಲಿರುತ್ತದೆ ಎಂಬುದಕ್ಕೆ ಹುಣಸೂರು ಒಳ್ಳೆಯ ನಿದರ್ಶನ.

ಎತ್ತಿನ ಗಾಡಿಯ ಚಕ್ರವನ್ನೇ ನೋಡಬಹುದು. ನಡುವಿನ ಗುಂಬ, ಅದಕ್ಕೆ ನಾಟಿದ ಅರಗಳು, ಅರಗಳ ಹೊರತುದಿಯನ್ನು ಜೋಡಿಸುವ ಬಾಗಿದ ಮರದ ತುಂಡುಗಳು, ಇವೆಲ್ಲವನ್ನೂ ಬಿಗಿಯುವ ಕಬ್ಬಿಣದ ಹಳಿ. ಹಳಿಯ ಸುತ್ತಳತೆ ಮರದ ಚಕ್ರಕ್ಕಿಂತ ತುಸು ಕಡಿಮೆಯಿರಬೇಕು. ಬೆರಣಿಯ ಬೆಂಕಿಯಲ್ಲಿ ಕಾದಾಗ ಅದು ಹಿಗ್ಗುತ್ತದೆ. ಕೆಂಪಗಿರುವಾಗಲೇ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಎಲ್ಲ ಬೆಸುಗೆಗಳನ್ನೂ ಒತ್ತಿ ಹಿಡಿಯುತ್ತದೆ. ಪ್ರಶ್ನೆಯಿರುವುದು ಆ 'ತುಸು' ಎಂಬುದರಲ್ಲಿ. ಹೆಚ್ಚು ಕಡಿಮೆಯಾದರೆ ಅರಗಳು ಸೊಟ್ಟಗಾಗುತ್ತವೆ, ಇಲ್ಲವೇ ಬೇಸಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಮರ ಯಾವುದು, ಎಷ್ಟು ಒಣಗಿದೆ, ಗಾಡಿ ಯಾವ ದಾರಿಯಲ್ಲಿ ಓಡುತ್ತದೆ ಎಂಬುದರ ಮೇಲೆ ಆ ಅಂತರ ನಿರ್ಧಾರವಾಗುತ್ತದೆ. ಬಡಗಿಯ ಮತ್ತು ಕಮ್ಮಾರನ ಅರಿವುಗಳೆರಡೂ ಇಲ್ಲಿ ಕೂಡುವುದರಿಂದ, ಕಲಿಯುವವನು ಇಬ್ಬರ ಮಾತನ್ನೂ ಕೇಳಬೇಕಾಗುತ್ತಿತ್ತು. ರಬ್ಬರ್ ಟೈರಿನ ಗಾಡಿ, ಅದರ ಹಿಂದೆಯೇ ಟ್ರಾಕ್ಟರು ಬಂದ ಮೇಲೆ ಕಳೆದದ್ದು ಚಕ್ರವೊಂದೇ ಅಲ್ಲ. ಎರಡು ಕಸುಬುಗಳ ನಡುವಿನ ಈ ಸಂವಾದವೂ ಹೌದು.

4. ಪಿರಿಯಾಪಟ್ಟಣ: ನೆಲ ಬಿಟ್ಟು ಬಂದ ಕಸುಬು

ಹುಣಸೂರಿನಲ್ಲಿ ಸಂಸ್ಥೆ ಹೋಗಿ ಜನ ಉಳಿದರೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ಕ್ರಮ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ನೀಡಿದ ನೆಲದಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿದರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಲ್ಲಿ ಮತ್ತೊಂದು ನೆಲೆ ರೂಪುಗೊಂಡಿತು. ಊರು, ಹವೆ, ಉಣ್ಣೆಯ ಮೂಲ ಎಲ್ಲವನ್ನೂ ಕಳೆದುಕೊಂಡು ಬಂದ ಈ ಜನ ರತ್ನಗಂಬಳಿ ನೇಯ್ಗೆ ಮತ್ತು ತಂಕಾ ಚಿತ್ರಕಲೆಗಳಿಗೆ ಇಲ್ಲಿ ಮತ್ತೆ ಕಲಿಕೆಯ ನೆಲೆಯನ್ನು ಕಟ್ಟಿಕೊಂಡರು.

ಟಿಬೆಟನ್ ರತ್ನಗಂಬಳಿಯಲ್ಲಿ ಹಾಸುನೂಲಿನ ಮುಂದೆ ಒಂದು ಸರಳನ್ನಿಟ್ಟು, ನೂಲನ್ನು ಹಾಸಿಗೂ ಸರಳಿಗೂ ಸುತ್ತಿ ಕುಣಿಕೆಗಳನ್ನು ಹಾಕುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಕುಣಿಕೆಗಳನ್ನು ಕತ್ತರಿಸಿ ಸರಳನ್ನು ತೆಗೆಯುತ್ತಾರೆ. ನಿಂತ ಮಗ್ಗದ ಮುಂದೆ ನೇಯುವವರು ಅಕ್ಕಪಕ್ಕ ಕೂರುವುದರಿಂದ ಹೊಸಬರ ಕೈ ಪಕ್ಕದವರ ಕೈಯನ್ನು ನೋಡಿಯೇ ಸಾಗುತ್ತದೆ. ಕುಣಿಕೆಯ ಬಿಗಿ ಒಂದೇ ಸಮನಾಗಿರದಿದ್ದರೆ ಹೂವಿನ ವಿನ್ಯಾಸವೇ ವಾಲುತ್ತದೆ. ತಂಕಾ ಕಲಿಕೆಯಾದರೋ ಇನ್ನೂ ದೀರ್ಘವಾದದ್ದು. ಬಣ್ಣಕ್ಕೆ ಕೈಹಾಕುವ ಮೊದಲು ಪ್ರಮಾಣದ ಗೆರೆಗಳ ಮೇಲೆ ಬುದ್ಧನ ಮುಖವನ್ನು ಬರೆದು ಬರೆದು ಅಳಿಸಬೇಕು. ಬಟ್ಟೆಗೆ ಅಂಟು ಮತ್ತು ಬಿಳಿಮಣ್ಣು ಬಳಿದು ಉಜ್ಜಿ ನುಣುಪು ಮಾಡಲು ಕಲಿಯಬೇಕು.

ಬೈಲಕುಪ್ಪೆಯ ಕಸುಬಿಗೆ ಸಹಕಾರ ಸಂಘ, ಮಠ, ಹೊರದೇಶದ ಕೊಳ್ಳುವವರು ಎಂಬ ಆಸರೆಗಳಿದ್ದವು. ಮಠದ ಗೋಡೆಗೆ ತಂಕಾ ಬೇಕಿರುವವರೆಗೆ ತಂಕಾ ಕಲಿಯುವವನಿಗೂ ಅರ್ಥವಿರುತ್ತದೆ. ಹಾಗಿದ್ದೂ ಯುವಜನರು ಹೊರದೇಶಗಳಿಗೆ ವಲಸೆ ಹೋಗುತ್ತಿರುವುದರಿಂದ ಮಗ್ಗದ ಮುಂದಿನ ಸಾಲು ತೆಳುವಾಗಿದೆ. ಆಸರೆಯಿದ್ದರೆ ಸಾಲದು, ಕಲಿಯುವವನಿಗೆ ಆ ಊರಿನಲ್ಲಿ ನಾಳೆಯೊಂದು ಕಾಣಬೇಕು ಎಂಬುದನ್ನು ಇದು ತೋರಿಸುತ್ತದೆ.

5. ಹೆಗ್ಗಡದೇವನಕೋಟೆ: ಕೈಯಿದ್ದೂ ಸರಕಿಲ್ಲದ ಸ್ಥಿತಿ

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಬೆಟ್ಟಕುರುಬರ ಬಿದಿರು ಕೆಲಸ ಪ್ರಸಿದ್ಧವಾದದ್ದು. ಬುಟ್ಟಿ, ಮೊರ, ಮಂಕರಿಗಳ ಕಲಿಕೆ ಮನೆಯಂಗಳದಲ್ಲಿ ಆರಂಭವಾಗುವುದಿಲ್ಲ; ಮೆಳೆಯ ಬಳಿ ಆರಂಭವಾಗುತ್ತದೆ. ಯಾವ ಬೊಂಬು ಎಳೆಯದು, ಯಾವುದು ಬಲಿತದ್ದು, ಯಾವುದನ್ನು ಕಡಿದರೆ ಮೆಳೆ ಮತ್ತೆ ಚಿಗುರುತ್ತದೆ, ಎಷ್ಟು ತೆಳ್ಳಗೆ ಸೀಳಿದರೆ ದಬ್ಬೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ ಎಂಬ ಅರಿವೇ ಕಸುಬಿನ ಅರ್ಧ ಭಾಗ. ಹೆಣೆಯುವುದು ಉಳಿದರ್ಧ.

ಈ ಮೊದಲರ್ಧ ಕಾಡಿನೊಂದಿಗೆ ಹೊಂದಿಕೊಂಡಿದೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಅನಂತರ ಹುಲಿ ಸಂರಕ್ಷಿತ ಪ್ರದೇಶವಾಗಿ ಮಾರ್ಪಟ್ಟಿತು. 1970ರ ದಶಕದಲ್ಲಿ ಕಬಿನಿ ಜಲಾಶಯ ತಲೆಯೆತ್ತಿತು. ಹಾಡಿಗಳು ಸ್ಥಳಾಂತರಗೊಂಡವು, ಮೆಳೆ ದೂರವಾಯಿತು. ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುವ ಸಸ್ಯ; ಅಂಥ ಕಾಲದಲ್ಲಿ ಸಮೀಪದ ಸರಕೂ ಇಲ್ಲವಾಗುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ, ಅದನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕಿಗೆ ದಾರಿ ಮಾಡಿತು. ಬೆಟ್ಟಕುರುಬ ಎಂಬ ಹೆಸರನ್ನು ಕಾಡುಕುರುಬದ ಸಮಾನಪದವಾಗಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸುವ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2022ರ ಡಿಸೆಂಬರಿನಲ್ಲಿ. ಕಾಗದದ ಮೇಲಿನ ಹಕ್ಕು ಮೆಳೆಯವರೆಗೆ ತಲುಪದಿದ್ದರೆ ಮಕ್ಕಳಿಗೆ ಹೆಣಿಗೆಯನ್ನು ಕಲಿಸಬಹುದು, ಬಿದಿರನ್ನು ಕಲಿಸಲಾಗದು.

ಸರಕು ಬದಲಾದರೂ ಕೈಯ ಅರಿವು ಉಪಯೋಗಕ್ಕೆ ಬರಬಲ್ಲದೆಂಬುದಕ್ಕೆ ನೆರೆಯ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಏಟ್ರೀ ಸಂಸ್ಥೆಯ ತರಬೇತಿಯ ಮೂಲಕ, ಕಾಡನ್ನು ಮುತ್ತಿದ ಲಂಟಾನ ಕಳೆಯಿಂದಲೇ ಬುಟ್ಟಿ, ಪೀಠೋಪಕರಣಗಳನ್ನು ಮಾಡುವ ಕೆಲಸ ರೂಢಿಗೆ ಬಂತು. ತರಬೇತಿ ಅಲ್ಲಿ ಫಲಿಸಿದ್ದಕ್ಕೆ ಬಿದಿರಿನಲ್ಲಿ ಪಳಗಿದ ಕೈಗಳು ಮೊದಲೇ ಇದ್ದದ್ದು ಒಂದು ಮುಖ್ಯ ಕಾರಣವೆನ್ನಬೇಕು.

6. ಕೃಷ್ಣರಾಜನಗರ: ಬಳಸುವವರ ಅರಿವು

ಮೇಲಿನ ಕಸುಬುಗಳಿಗೆ ಬಳಕೆದಾರರನ್ನು ಒದಗಿಸಿದ್ದು ಕೃಷ್ಣರಾಜನಗರದಂಥ ಕಾವೇರಿ ನಾಲೆಗಳ ಭತ್ತದ ಸೀಮೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನೆರೆಯುವ ಚುಂಚನಕಟ್ಟೆಯ ದನಗಳ ಜಾತ್ರೆ ಎತ್ತಿನೊಂದಿಗೆ ಹಗ್ಗ, ಕೊರಳಗಂಟೆ, ನೊಗಗಳಿಗೂ ಬೇಡಿಕೆ ತಂದದ್ದು. ಭತ್ತವನ್ನು ತೂರಿ ಕೇರುವ ಹೆಂಗಸಿಗೆ ಮೊರದ ಬಾಗು ಎಷ್ಟಿರಬೇಕೆಂಬುದು ಅದನ್ನು ಹೆಣೆದವನಷ್ಟೇ ಚೆನ್ನಾಗಿ ಗೊತ್ತಿರುತ್ತಿತ್ತು. ಕೆಟ್ಟ ಮೊರವನ್ನು ಅವಳು ಹಿಂದಿರುಗಿಸುತ್ತಿದ್ದಳು. ಹೊಸಬನಿಗೆ ಎರಡನೆಯ ಗುರು ಅವಳೇ.

ಸುಗ್ಗಿಯ ಕಣದಲ್ಲಿ ಕಸುಬುದಾರರಿಗೆ ಧಾನ್ಯದ ಪಾಲು ಸಲ್ಲುತ್ತಿದ್ದ ಆಯಗಾರಿಕೆ, ಕಲಿಯುವ ಹುಡುಗನ ಅನ್ನವನ್ನೂ ಒಳಗೊಂಡಿತ್ತು. ಕೊಯ್ಲಿನ ಯಂತ್ರ, ಪ್ಲಾಸ್ಟಿಕ್ ಬುಟ್ಟಿ, ನಗದಿನ ಕೂಲಿಗಳು ಬಂದಾಗ ಕಲಿಕೆಯ ಕಾಲಕ್ಕೆ ಅನ್ನ ಹಾಕುವವರು ಯಾರೆಂಬ ಪ್ರಶ್ನೆ ಎದ್ದಿತು. ಈ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ.

ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಲ್ಲ. ಕಲಿಕೆ ಜಾತಿಯ ಬೇಲಿಯೊಳಗಿತ್ತು. ತೊಗಲನ್ನು ಹದಮಾಡಿದವರ ಕೌಶಲವನ್ನು ಊರು ಬಳಸಿಕೊಂಡಿತು, ಅವರನ್ನು ದೂರವಿಟ್ಟಿತು. ಹುಡುಗನ ದುಡಿಮೆಗೆ ಕೂಲಿಯಿರಲಿಲ್ಲ. ಆ ಸಮುದಾಯಗಳ ಮಕ್ಕಳು ಕಸುಬನ್ನು ಬಿಟ್ಟು ಶಾಲೆಗೆ ಹೋದದ್ದು ನಷ್ಟವಲ್ಲ, ಬಿಡುಗಡೆ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿಯೂ, ಶಾಲೆಯ ಅವಧಿಯ ಹೊರಗೆ ಕುಟುಂಬದ ಕೆಲಸಕ್ಕೆ ನೆರವಾಗುವುದಕ್ಕೆ ಅವಕಾಶವಿತ್ತಿದೆ. ಈ ವಿನಾಯಿತಿಯು ಜಾತಿಗೆ ಅಂಟಿದ ಕಸುಬನ್ನೇ ಮುಂದುವರಿಸುವ ದಾರಿಯಾಗದಂತೆ ಎಚ್ಚರ ವಹಿಸಬೇಕು. ಉಳಿಯಬೇಕಾದದ್ದು ಹದದ ಅರಿವು, ಬೇಲಿಯಲ್ಲ.

7. ಶಿಬಿರ ಮತ್ತು ಶಿಷ್ಯತ್ವ

ಬೇಲಿಯಿಲ್ಲದ ಕಲಿಕೆಯ ಭರವಸೆಯನ್ನು ಇಂದು ನೀಡುತ್ತಿರುವುದು ತರಬೇತಿ ಶಿಬಿರಗಳು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಬುಟ್ಟಿ ಹೆಣೆಯುವವರು ಸೇರಿ 18 ಕಸುಬುಗಳಿಗೆ ಅನ್ವಯಿಸುತ್ತದೆ. ಅದರಲ್ಲಿ 5ರಿಂದ 7 ದಿನಗಳ ಮೂಲ ತರಬೇತಿ, 15 ದಿನ ಅಥವಾ ಅದಕ್ಕೂ ಹೆಚ್ಚಿನ ಉನ್ನತ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಗಳ ನೆರವುಗಳಿವೆ. ಭತ್ಯೆ ಕೊಟ್ಟು ಕಲಿಸುವುದು, ಹಳೆಯ ಪದ್ಧತಿ ಮಾಡದಿದ್ದ ನ್ಯಾಯ. ಆದರೆ ಈ ಯೋಜನೆ 18 ವರ್ಷ ತುಂಬಿದ, ಈಗಾಗಲೇ ಕಸುಬಿನಲ್ಲಿ ತೊಡಗಿರುವವರಿಗೆ ಮೀಸಲಾದದ್ದು. ಬಲ್ಲವರ ಕೈಯನ್ನು ಅದು ಬಲಪಡಿಸುತ್ತದೆ. ಹೊಸ ಕೈಯನ್ನು ಪಳಗಿಸುವ ಹೊಣೆ ಅದರ ಚೌಕಟ್ಟಿನ ಹೊರಗುಳಿಯುತ್ತದೆ.

ಶಿಬಿರವು ವಿಧಾನವನ್ನು ತಿಳಿಸಬಲ್ಲದು, ಸಲಕರಣೆ ಪರಿಚಯಿಸಬಲ್ಲದು, ಮಾರುಕಟ್ಟೆ ತೋರಿಸಬಲ್ಲದು. ತಪ್ಪು ಮಾಡಲು ಬೇಕಾದ ಬಿಡುವನ್ನು ಅದು ಕೊಡಲಾರದು. ಮರ ಮಳೆಗಾಲದಲ್ಲಿ ಒಂದು ಬಗೆ, ಬೇಸಗೆಯಲ್ಲಿ ಒಂದು ಬಗೆ; ಒಂದು ಸುತ್ತು ಋತುಗಳನ್ನಾದರೂ ಕಾಣದ ಕೈಗೆ ಆ ಹದ ಸಿಕ್ಕುವುದಿಲ್ಲ. ಆದುದರಿಂದ ಶಿಬಿರವನ್ನು ಶಿಷ್ಯತ್ವಕ್ಕೆ ಬದಲಿಯೆಂದಲ್ಲ, ಅದರ ಹೊಸ್ತಿಲೆಂದು ಭಾವಿಸುವುದು ಯುಕ್ತ. ಶಿಬಿರದ ಅನಂತರ ಬಲ್ಲವರೊಬ್ಬರ ಬಳಿ ಒಂದು ವರ್ಷವಾದರೂ ಇದ್ದು ಕಲಿಯಲು, ಕಲಿಸುವವರಿಗೂ ಕಲಿಯುವವರಿಗೂ ಸಂಭಾವನೆ ದೊರೆಯುವಂತಾಗಬೇಕು. ಯಾವ ಜಾತಿಯ, ಯಾವ ಲಿಂಗದ ಕಲಿಯುವವರಿಗೂ ಅದು ತೆರೆದಿರಬೇಕು.

8. ಸಮಾರೋಪ

ನಾಲ್ಕು ತಾಲ್ಲೂಕುಗಳ ನಿದರ್ಶನಗಳಿಂದ ಹೊರಡುವ ತೀರ್ಮಾನವಿಷ್ಟು: ಕಸುಬಿನ ಕಲಿಕೆ ಬಲ್ಲ ಕೈ, ಎಟುಕುವ ಸರಕು, ಅರಿತು ಬಳಸುವವರು, ಕಲಿಯುವ ಕಾಲಕ್ಕೆ ಅನ್ನ ಎಂಬ ನಾಲ್ಕರ ಮೇಲೆ ನಿಂತಿದೆ. ಹುಣಸೂರು ಮೊದಲನೆಯದರ ಬಲವನ್ನೂ, ಹೆಗ್ಗಡದೇವನಕೋಟೆ ಎರಡನೆಯದರ ಕೊರತೆಯನ್ನೂ, ಕೃಷ್ಣರಾಜನಗರ ಉಳಿದೆರಡರ ಪಲ್ಲಟವನ್ನೂ ತೋರಿಸುತ್ತವೆ. ನೆಲೆ ತಪ್ಪಿದ ಮೇಲೆಯೂ ಇವನ್ನು ಮತ್ತೆ ಕೂಡಿಸಿಕೊಳ್ಳುವುದು ಸಾಧ್ಯವೆಂಬುದಕ್ಕೆ ಬೈಲಕುಪ್ಪೆ ಸಾಕ್ಷಿ.

ಕನ್ನಡ ಅಧ್ಯಾಪಕರಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಂಥ ನೆಲೆಗಳು ವಸ್ತುಗಳನ್ನು ಕಾಪಾಡಿದವು. ವಸ್ತುವನ್ನು ಮಾಡುವಾಗ ಆಡುವ ಮಾತು ಅಲ್ಲಿ ಕೇಳಿಸದು. 'ಇನ್ನಷ್ಟು', 'ಸಾಕು', 'ಈಗ ಬಿಡು', 'ಬಿಗಿಯಾಯಿತು' ಎಂದು ಗುರು ಹೇಳುವ ಗಳಿಗೆ ಯಾವುದು, ಆಗ ಶಿಷ್ಯನ ಕೈಯಲ್ಲಿ ಏನಾಗುತ್ತಿರುತ್ತದೆ ಎಂಬುದನ್ನು ದಾಖಲಿಸುವ ಕ್ಷೇತ್ರಕಾರ್ಯ ನಡೆಯಬೇಕು. ವೃತ್ತಿಪದಗಳ ಪಟ್ಟಿ ಮಾಡಿದರೆ ಸಾಲದು. ಆ ಪದ ಯಾವ ಹದದಲ್ಲಿ ಬಾಯಿಗೆ ಬರುತ್ತದೆಂಬುದನ್ನೂ ಬರೆದಿಡಬೇಕು. ಪದವಿ ತರಗತಿಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇವೇ ಮನೆಗಳಿಂದ ಬಂದವರು. ಅಜ್ಜಿಯ ಮೊರದ ಹೆಣಿಗೆಯನ್ನು, ತಾತನ ಉಳಿಯ ಹಿಡಿತವನ್ನು ಕುರಿತು ಅವರು ಬರೆಯುವ ಕಿರುಪ್ರಬಂಧ ನಮ್ಮ ಶಾಸ್ತ್ರಕ್ಕೆ ಸಲ್ಲುವ ಆಕರ. ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕಾಗಿದೆ.