ಲಾಂಛನದ ಬೆಲೆ

ಮೊಬೈಲ್ ಆಟಗಳಲ್ಲಿ ಮಕ್ಕಳು ಗುಂಪು ಕಟ್ಟುತ್ತಾರೆ. ಗುಂಪಿಗೊಂದು ಹೆಸರು, ಒಂದು ಲಾಂಛನ. ಕೆಲವು ಆಟಗಳಲ್ಲಿ ಅದನ್ನು ಬೇಕಾದಂತೆ ಮಾಡಿಸಿಕೊಳ್ಳಲು ಹಣ ತೆರಬೇಕು. ದೇವಾಪುರದಂತಹ ಊರಿನಲ್ಲಿ ಅದು ತಂದೆಯ ಹತ್ತಿಯ ದುಡ್ಡು, ಇಲ್ಲವೇ ಬೆಂಗಳೂರಿಗೆ ದುಡಿಯಲು ಹೋದ ಅಣ್ಣ ಕಳಿಸಿದ ಹಣ.

ಗುರುತು ಇಟ್ಟುಕೊಳ್ಳುವುದು ತಪ್ಪಲ್ಲ. ಕುಲ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ (ಅಲ್ ಹುಜುರಾತ್: 13). ಗುರುತು ಮೆರೆಯುವ ಸಾಧನವಾದಾಗ ಖರ್ಚು ದುಂದುವೆಚ್ಚವಾಗುತ್ತದೆ. ದುಂದುಗಾರರನ್ನು ಅದೇ ಕುರ್‌ಆನ್ ಶೈತಾನನ ಸಹೋದರರೆಂದು ಎಚ್ಚರಿಸಿದೆ (ಬನೀ ಇಸ್ರಾಈಲ್: 27).

ಕೊಂಡದ್ದಾದರೂ ನಮ್ಮದೇ? 2020ರ ಸೆಪ್ಟೆಂಬರ್ 2ರಂದು ಸರಕಾರ ಪಬ್‌ಜಿಯನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಆ ಆಟ ಭಾರತದಲ್ಲಿ ನಿಂತಿತು. ಹಣ ಕೊಟ್ಟು ಪಡೆದ ಅಲಂಕಾರಗಳನ್ನು ತೆರೆದು ನೋಡುವ ದಾರಿಯೂ ಅಂದು ಮುಚ್ಚಿತು.

ಹಿಜರಿ 3ರ ಉಹುದ್ ಯುದ್ಧದಲ್ಲಿ ಮುಸ್ಲಿಮರ ಧ್ವಜ ಹಿಡಿದವರು ಹ. ಮುಸ್‌ಅಬ್ ಬಿನ್ ಉಮೈರ್(ರ). ಮಕ್ಕಾದ ಸಿರಿವಂತ ಮನೆಯ ಯುವಕ. ಹುತಾತ್ಮರಾದಾಗ ಕಫನ್‌ಗೆ ಇದ್ದುದು ಒಂದೇ ಹೊದಿಕೆ; ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು. ಆ ಧ್ವಜಕ್ಕೆ ಅವರು ತೆತ್ತ ಬೆಲೆ ಹಣವಲ್ಲ.

ಪಾಲಕರೇ, ಮಗನ ಕೈಯಿಂದ ಫೋನ್ ಕಸಿಯುವ ಮೊದಲು ಅವನ ಪಕ್ಕ ಕುಳಿತು ಇದನ್ನು ಹೇಳಿರಿ. ಸಂಪತ್ತು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಪರಲೋಕದ ಪ್ರಶ್ನೆ ಅವನಿಗಷ್ಟೇ ಅಲ್ಲ, ನಮಗೂ ಇದೆ.