ಹಿಮದ ಅಳತೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಬಯಲುಸೀಮೆಯ ಊರು. ಅಲ್ಲಿ ಹಿಮ ಬೀಳುವುದಿಲ್ಲ. ಮಾಗಿಯ ಮುಂಜಾನೆ ತೆಂಗಿನ ತೋಟಗಳ ಮೇಲೆ ಕವಿಯುವ ಮಂಜು ಹೊತ್ತೇರುತ್ತಲೇ ಕರಗಿಹೋಗುತ್ತದೆ. ಅಪರೂಪಕ್ಕೆ ಬೀಳುವ ಆಲಿಕಲ್ಲು ಮಕ್ಕಳ ಅಂಗೈಯಲ್ಲಿಯೇ ನೀರಾಗುತ್ತದೆ. ರಾಗಿ ಬಿತ್ತುವ ರೈತನು ಎದುರುನೋಡುವುದು ಮಳೆಯನ್ನು. ಆದರೆ ಸುಮಾರು 2,000 ಕಿಲೋಮೀಟರ್ ದೂರದ ಹಿಮಾಲಯದಲ್ಲಿ ಬಿದ್ದ ಹಿಮಕ್ಕೂ ಈ ನಾಡಿನ ಮಳೆಗೂ ಸಂಬಂಧವುಂಟೆಂದು ವಿಜ್ಞಾನಿಗಳು ನೂರು ವರ್ಷಗಳಿಗೂ ಹಿಂದೆಯೇ ಯೋಚಿಸಿದರು.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಅದರ ಮೊದಲ ಮುಖ್ಯಸ್ಥನು ಹೆನ್ರಿ ಬ್ಲಾನ್‌ಫರ್ಡ್. ಮರುವರ್ಷವೇ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಕಾಡಿತು. ಮೈಸೂರು ಸೀಮೆಯ ಜನ ಬಹುಕಾಲ ನೆನೆದು ನಡುಗುತ್ತಿದ್ದ ಧಾತು ಈಶ್ವರ ಸಂವತ್ಸರಗಳ ಬರ ಇದೇ. ಮಳೆ ತಪ್ಪುವುದನ್ನು ಮೊದಲೇ ತಿಳಿಯಲು ಸಾಧ್ಯವಾದರೆ ಧಾನ್ಯವನ್ನು ಕೂಡಿಡಬಹುದು, ಪ್ರಾಣಗಳನ್ನು ಉಳಿಸಬಹುದು. ಮಳೆಯ ಮುನ್ಸೂಚನೆಯು ಇಂಥ ಜೀವನ್ಮರಣದ ಪ್ರಶ್ನೆಯಾಗಿತ್ತು.

ಹಿಮಾಲಯದಲ್ಲಿ ಹೆಚ್ಚು ಹಿಮ ಬಿದ್ದ ವರ್ಷಗಳಲ್ಲಿ ಮುಂಗಾರು ದುರ್ಬಲವಾಗುವುದೆಂದು ಬ್ಲಾನ್‌ಫರ್ಡ್ 1884ರಲ್ಲಿ ಪ್ರತಿಪಾದಿಸಿದನು. ಇದರ ಕಾರಣವನ್ನು ಹೀಗೆ ತಿಳಿಯಬಹುದು: ಬೇಸಿಗೆಯಲ್ಲಿ ನೆಲವು ಕಾದಾಗ ಸಮುದ್ರದ ಕಡೆಯಿಂದ ತೇವದ ಗಾಳಿ ನೆಲದತ್ತ ಬೀಸುತ್ತದೆ. ಬಿಳಿಯ ಹಿಮವಾದರೋ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ. ಉಳಿದ ಶಾಖದಲ್ಲಿ ಹೆಚ್ಚಿನದು ಹಿಮವನ್ನು ಕರಗಿಸುವುದರಲ್ಲಿಯೇ ವ್ಯಯವಾಗುತ್ತದೆ. ನೆಲವು ತಡವಾಗಿ ಕಾಯುತ್ತದೆ. ಗಾಳಿಯ ಸೆಳೆತವೂ ಕುಗ್ಗುತ್ತದೆ. ಈ ವಿಚಾರವನ್ನು ಆಧರಿಸಿದ ಮೊದಲ ಕ್ರಮಬದ್ಧ ದೀರ್ಘಾವಧಿ ಮುನ್ಸೂಚನೆಯು 1886ರ ಜೂನ್ 4ರಂದು ಪ್ರಕಟವಾಯಿತು.

ಹಾಗಾದರೆ ಹಿಮವನ್ನು ಅಳೆಯುವುದು ಹೇಗೆ? ಮಳೆಯನ್ನು ಅಳೆಯುವುದು ಸುಲಭ. ಮಾಪಕದಲ್ಲಿ ಕೂಡಿದ ನೀರನ್ನು ಅಳತೆಯ ಗಾಜಿಗೆ ಸುರಿದರೆ ಸಾಕು. ಹಿಮದ ಸ್ವಭಾವವೇ ಬೇರೆ. ಅರಳೆಯಂತೆ ಹಗುರವಾದ ಹಿಮವನ್ನು ಗಾಳಿಯು ಮಾಪಕದ ಬಾಯಿಗೆ ಬೀಳಗೊಡದೆ ಹಾರಿಸಿಬಿಡುತ್ತದೆ. ಒಂದೆಡೆ ರಾಶಿಹಾಕಿ ಮತ್ತೊಂದೆಡೆ ಬಂಡೆಯನ್ನು ಬರಿದುಮಾಡುತ್ತದೆ. ಆದುದರಿಂದ ಮಾಪಕದ ಸುತ್ತ ಗಾಳಿಯನ್ನು ತಡೆಯುವ ಮರೆಗಳನ್ನು ನಿಲ್ಲಿಸುತ್ತಾರೆ. ಒಂದೇ ಕಡೆ ಅಳೆಯದೆ ಹಲವು ಕಡೆ ಅಳೆದು ಸರಾಸರಿ ತೆಗೆಯುತ್ತಾರೆ.

ಗುರುತು ಹಾಕಿದ ಕಂಬವನ್ನು ನೆಟ್ಟು ಹಿಮದ ಆಳವನ್ನು ತಿಳಿಯಬಹುದು. ಆದರೆ ಆಳವೊಂದೇ ಸಾಲದು. 30 ಸೆಂಟಿಮೀಟರ್ ಆಳದ ಹೊಸ ಹಿಮವನ್ನು ಕರಗಿಸಿದರೆ ಸಾಮಾನ್ಯವಾಗಿ ಸುಮಾರು 3 ಸೆಂಟಿಮೀಟರ್ ನೀರು ದೊರೆಯುತ್ತದೆ. ಅಷ್ಟೇ ಆಳದ, ಹಲವು ವಾರ ಕುಸಿದು ಗಟ್ಟಿಯಾದ ಹಿಮದಿಂದ 9ರಿಂದ 12 ಸೆಂಟಿಮೀಟರ್ ದೊರೆಯಬಹುದು. ಹಿಮದಲ್ಲಿ ಅಡಗಿರುವ ಈ ನೀರಿನ ಪ್ರಮಾಣವೇ ಮುಖ್ಯವಾದುದು. ಅದನ್ನು ತಿಳಿಯಲು ಉದ್ದನೆಯ ಲೋಹದ ಕೊಳವೆಯನ್ನು ನೆಲ ಮುಟ್ಟುವವರೆಗೆ ಹಿಮದೊಳಗೆ ಇಳಿಸಿ, ಅದರಲ್ಲಿ ನಿಂತ ಹಿಮವನ್ನು ತೂಗುತ್ತಾರೆ. ಕೊಳವೆಯ ಬಾಯಿಯ ವಿಸ್ತೀರ್ಣ 10 ಚದರ ಸೆಂಟಿಮೀಟರ್, ಹಿಮದ ತೂಕ 120 ಗ್ರಾಂ ಎಂದಿಟ್ಟುಕೊಳ್ಳಿ. ಆಗ ನೀರಿನ ಆಳ 12 ಸೆಂಟಿಮೀಟರ್ ಆಯಿತು. ಅಮೆರಿಕದ ನೆವಾಡದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಈ ವಿಧಾನವನ್ನು ರೂಢಿಗೆ ತಂದ ಜೇಮ್ಸ್ ಚರ್ಚ್ ವೃತ್ತಿಯಿಂದ ಪ್ರಾಚೀನ ಭಾಷೆ, ಸಾಹಿತ್ಯಗಳ ಪ್ರಾಧ್ಯಾಪಕನೆಂಬುದು ಸ್ವಾರಸ್ಯದ ಸಂಗತಿ. ಮನುಷ್ಯರು ಹೋಗಲಾಗದ ಕಡಿದಾದ ಎಡೆಗಳ ಹಿಮದ ಹರವನ್ನು ಇಂದು ಉಪಗ್ರಹಗಳು ಗುರುತಿಸುತ್ತವೆ.

ಬ್ಲಾನ್‌ಫರ್ಡ್ ಕಂಡ ಸಂಬಂಧವು ಎಲ್ಲ ವರ್ಷಗಳಲ್ಲಿಯೂ ಒಂದೇ ತೆರನಾಗಿ ನಿಲ್ಲಲಿಲ್ಲ. ಮುಂಗಾರು ಹಿಮವೊಂದನ್ನೇ ಅವಲಂಬಿಸಿಲ್ಲ. ದೂರದ ಸಾಗರಗಳ ಶಾಖವೂ ಅದನ್ನು ನಿಯಂತ್ರಿಸುತ್ತದೆಂದು ಮುಂದೆ ತಿಳಿದುಬಂದಿತು. ಆದರೆ ಅವನ ಊಹೆಯು ವ್ಯರ್ಥವಾಗಲಿಲ್ಲ. ಆಕಾಶವನ್ನು ನೋಡಿ ನಿಟ್ಟುಸಿರಿಡುವುದರ ಬದಲು ಅಳೆದು, ಹೋಲಿಸಿ, ತಪ್ಪಿದ್ದನ್ನು ತಿದ್ದಿಕೊಳ್ಳುವ ದಾರಿಯನ್ನು ಅದು ತೆರೆಯಿತು.

ಹೇಮಾವತಿಯು ಹಿಮ ಕರಗಿ ಹರಿಯುವ ನದಿಯಲ್ಲ. ಮಲೆನಾಡಿನ ಮುಂಗಾರು ಮಳೆಯೇ ಅದರ ಜೀವಾಳ. ಗೊರೂರಿನ ಜಲಾಶಯ ತುಂಬಿದರೆ ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರು ಸೀಮೆಗೂ ನೀರು ಹರಿಯುತ್ತದೆ. ಆ ಮುಂಗಾರಿನ ಬಲಾಬಲದ ಲೆಕ್ಕದಲ್ಲಿ ಹಿಮಾಲಯದ ಹಿಮಕ್ಕೂ ಒಂದು ಪಾಲುಂಟು. ಚಳಿಯಲ್ಲಿ ನಿಂತು ಹಿಮವನ್ನು ತೂಗುವವನ ಶ್ರಮವು ತಾನೆಂದೂ ಕಾಣದ ರೈತನ ಬಿತ್ತನೆಗೆ ನೆರವಾಗಬಲ್ಲದು.

ಅಭ್ಯಾಸ

1. ಹಿಮಪಾತ ಹೆಚ್ಚಾದರೆ ಮುಂಗಾರು ಕುಗ್ಗಬಹುದೆಂಬುದಕ್ಕೆ ಕಾರಣವೇನು?
2. ಹಿಮದ ಆಳವನ್ನು ತಿಳಿದರೆ ಸಾಲದು ಏಕೆ?
3. ಕೊಳವೆಯ ಬಾಯಿ 20 ಚದರ ಸೆಂಟಿಮೀಟರ್, ಹಿಮದ ತೂಕ 160 ಗ್ರಾಂ ಆದರೆ ನೀರಿನ ಆಳವೆಷ್ಟು?
4. ನಿಮ್ಮ ಊರಿನ ಮಳೆಯನ್ನು ಒಂದು ತಿಂಗಳು ಅಳೆದು ಪಟ್ಟಿ ಮಾಡಿರಿ.