ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಏಕೆ ಬೇಡ?

ಮುಂಗಾರು ಸಮೀಪಿಸಿದಂತೆ ಅಡಿಕೆ ಬೆಳೆಗಾರರ ಅಂಗಳದಲ್ಲಿ ಮೈಲುತುತ್ತ, ಸುಣ್ಣಗಳ ಸಿದ್ಧತೆ ಆರಂಭವಾಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಶಿಫಾರಸು ಮಾಡಿದರು. ಆದರೂ "ಔಷಧಿ ಹೊಡೆದೆವು, ಕೊಳೆ ನಿಲ್ಲಲಿಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ದ್ರಾವಣ ತಯಾರಿಸಿದ ಪಾತ್ರೆಯೂ ಒಂದು ಕಾರಣವಾಗಿರಬಹುದು.

ಒಮ್ಮೆ ಮಲೆನಾಡಿನ ತೋಟವೊಂದರಲ್ಲಿ ಮೈಲುತುತ್ತವನ್ನು ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದನ್ನು ಕಂಡೆ. ಬೆಳಿಗ್ಗೆ ನೀರಿನ ನೀಲಿ ಬಣ್ಣ ಮಂಕಾಗಿತ್ತು. ಡ್ರಮ್ಮಿನ ಒಳಮೈಗೆ ಕೆಂಪು ಲೇಪ ಹತ್ತಿತ್ತು. ಗೊನೆಗೆ ಸೇರಬೇಕಾದ ತಾಮ್ರ ಡ್ರಮ್ಮಿಗೆ ಸೇರಿತ್ತು!

ಇದು ಹೇಗಾಗುತ್ತದೆ?

ಮೈಲುತುತ್ತ ತಾಮ್ರದ ಲವಣ. ನೀರಿನಲ್ಲಿ ಕರಗಿದಾಗ ತಾಮ್ರವು ಧನ ವಿದ್ಯುದಂಶವುಳ್ಳ ಅಯಾನುಗಳಾಗಿ ಬೇರ್ಪಡುತ್ತದೆ. ಈ ದ್ರಾವಣದಲ್ಲಿ ಎರಡು ಲೋಹದ ಪಟ್ಟಿಗಳನ್ನಿಟ್ಟು ಬ್ಯಾಟರಿಯಿಂದ ವಿದ್ಯುತ್ ಹರಿಸಿದರೆ, ಋಣಧ್ರುವಕ್ಕೆ ಜೋಡಿಸಿದ ಪಟ್ಟಿಯ ಮೇಲೆ ತಾಮ್ರ ಕೂರುತ್ತದೆ. ಇದೇ ವಿದ್ಯುದ್ವಿಭಜನೆ. ಕಾರ್ಖಾನೆಗಳಲ್ಲಿ ತಾಮ್ರವನ್ನು ಶುದ್ಧಗೊಳಿಸುವುದು ಈ ವಿಧಾನದಿಂದಲೇ.

ಕಬ್ಬಿಣದ ಡ್ರಮ್ಮಿಗೆ ಬ್ಯಾಟರಿಯೂ ಬೇಕಿಲ್ಲ. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಪ್ರವೃತ್ತಿ ಲೋಹದಿಂದ ಲೋಹಕ್ಕೆ ಬೇರೆ. ಇದನ್ನು ಅಳೆಯುವ ಮಾನವೇ ವಿದ್ಯುದ್ಧ್ರುವ ವಿಭವ. ತಾಮ್ರದ ವಿಭವ +0.34 ವೋಲ್ಟ್, ಕಬ್ಬಿಣದ್ದು -0.44, ಸತುವಿನದು -0.76. ವಿಭವ ಕಡಿಮೆಯಿದ್ದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನು ಕೊಟ್ಟು ಕರಗುತ್ತದೆ. ಆದುದರಿಂದ ಕಬ್ಬಿಣ ಕರಗಿ, ತಾಮ್ರ ಹೊರಬಂದು ಅಂಟಿಕೊಳ್ಳುತ್ತದೆ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಇರುವುದು ಸುಮಾರು 250 ಗ್ರಾಂ. ಅದೆಲ್ಲ ಹೊರಬಂದರೆ ಸುಮಾರು 220 ಗ್ರಾಂ ಕಬ್ಬಿಣವೂ ಕರಗಿರುತ್ತದೆ. ಔಷಧಿಯೂ ನಷ್ಟ, ಪಾತ್ರೆಯೂ ನಷ್ಟ. ಸತು ಲೇಪಿಸಿದ ಬಕೆಟ್ಟಿಗೂ ಇದೇ ಗತಿ.

ತಯಾರಿಸುವ ಕ್ರಮ

1. ಪ್ಲಾಸ್ಟಿಕ್, ಮಣ್ಣು, ಮರ ಅಥವಾ ತಾಮ್ರದ ಪಾತ್ರೆಗಳನ್ನೇ ಬಳಸಿರಿ.
2. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ ಸೋಸಿರಿ.
3. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಮರದ ಕೋಲಿನಿಂದ ಕಲಕಿರಿ.

ಕತ್ತಿಯ ಪರೀಕ್ಷೆ

ಪಾತ್ರೆಯನ್ನು ಕೆಡಿಸುವ ಈ ಕ್ರಿಯೆಯೇ ಪರೀಕ್ಷೆಗೆ ನೆರವಾಗುತ್ತದೆ. ಚೆನ್ನಾಗಿ ಉಜ್ಜಿ ತುಕ್ಕು ತೆಗೆದ ಕಬ್ಬಿಣದ ಕತ್ತಿಯನ್ನು ಸಿದ್ಧವಾದ ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಅದನ್ನೇ ಸಿಂಪಡಿಸಿದರೆ ಎಳೆಯ ಭಾಗಗಳು ಸುಡಬಹುದು. ಲೇಪ ಕಾಣದಾಗುವವರೆಗೆ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿರಿ.

ತಯಾರಿಸಿದ ದಿನವೇ ದ್ರಾವಣವನ್ನು ಬಳಸಿ ಮುಗಿಸಿರಿ. ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನವೇ ಆಗಬೇಕು; ಎರಡನೆಯದು 40-45 ದಿನಗಳ ನಂತರ. ಕತ್ತಿ ಅದ್ದಿ ನೋಡುವ ಎರಡು ನಿಮಿಷ ಒಂದು ವರ್ಷದ ಫಸಲನ್ನು ಉಳಿಸೀತು.